ನಾಯಿಯ ಕಿವಿಗೂ ತಿಪ್ಪೆಗೂ ಏನು ಸಂಬಂಧ?

ಬಾದಾಮಿಯಿಂದ ಸುಮಾರು 14 ಕಿಲೋಮೀಟರ್ ದೂರದ ಮಹಾಕೂಟಕ್ಕೆ ಹೋದವರೆಲ್ಲ ಅಲ್ಲಿಯ ಚಾಲುಕ್ಯರ ಕಾಲದ ಗುಡಿಗಳನ್ನು, ಬತ್ತದ ಹೊಂಡವನ್ನು ನೋಡಿ ಬರುತ್ತಾರೆ. ಮಕ್ಕಳೇ, ಇನ್ನೊಮ್ಮೆ ಹೋದಾಗ ಮರದ ನೆರಳಿನಲ್ಲಿ ಮಲಗಿದ ನಾಯಿಗಳನ್ನೂ ದೂರದಿಂದಲೇ ಸ್ವಲ್ಪ ಗಮನಿಸಿ. ಕಣ್ಣು ಮುಚ್ಚಿ ಮಲಗಿದ ನಾಯಿ ಇದ್ದಕ್ಕಿದ್ದಂತೆ ತಲೆ ಕೊಡವುತ್ತದೆ. ಕಾಲಿನಿಂದ ಕಿವಿ ಕೆರೆದುಕೊಂಡು, ಎದ್ದು ಬೇರೆ ಕಡೆ ಹೋಗಿ ಮಲಗುತ್ತದೆ. ಅಲ್ಲಿಯೂ ಅದೇ ಕಥೆ. ಮಳೆಗಾಲದಲ್ಲಿ ನಮ್ಮ ಬಾಗಲಕೋಟೆ ಜಿಲ್ಲೆಯ ಯಾವ ಊರಿಗೆ ಹೋದರೂ ಈ ನೋಟ ತಪ್ಪಿದ್ದಲ್ಲ.

ಇದಕ್ಕೆ ಕಾರಣ ಒಂದು ನೊಣ. ನೋಡಲು ಮನೆಯ ನೊಣದಂತೆಯೇ ಇರುತ್ತದೆ, ಅಷ್ಟೇ ಗಾತ್ರ. ಆದರೆ ಮನೆಯ ನೊಣ ನೆಕ್ಕುತ್ತದೆ, ಇದು ಚುಚ್ಚುತ್ತದೆ. ಇದರ ತಲೆಯ ಮುಂದೆ ಸೂಜಿಯಂಥ ಸೊಂಡಿಲು ಚಾಚಿಕೊಂಡಿರುತ್ತದೆ. ವಿಜ್ಞಾನಿಗಳು ಇದನ್ನು ಸ್ಟೊಮಾಕ್ಸಿಸ್ ಕ್ಯಾಲ್ಸಿಟ್ರಾನ್ಸ್ ಎನ್ನುತ್ತಾರೆ. ಸೊಳ್ಳೆಯಲ್ಲಿ ಹೆಣ್ಣು ಮಾತ್ರ ರಕ್ತ ಕುಡಿಯುತ್ತದೆ. ಈ ನೊಣದಲ್ಲಿ ಗಂಡು ಹೆಣ್ಣು ಎರಡೂ ಕುಡಿಯುತ್ತವೆ, ಅದೂ ಹಗಲು ಹೊತ್ತಿನಲ್ಲಿ.

ಮೈಯೆಲ್ಲ ಬಿಟ್ಟು ಕಿವಿಯೇ ಏಕೆ? ಕಿವಿಯ ತುದಿಯಲ್ಲಿ ಕೂದಲು ಕಡಿಮೆ, ಚರ್ಮ ತೆಳು, ರಕ್ತನಾಳಗಳು ಮೇಲೆಯೇ ಇರುತ್ತವೆ. ಹಸುವಿಗೆ ನೊಣ ಓಡಿಸಲು ಉದ್ದ ಬಾಲವಿದೆ. ಎಮ್ಮೆ ಕೆಸರಿನಲ್ಲಿ ಹೊರಳಿ ಪಾರಾಗುತ್ತದೆ. ನಾಯಿಯ ಬಾಲ ಕಿವಿಯವರೆಗೆ ಬರುವುದಿಲ್ಲ, ನಾಲಿಗೆಯೂ ಮುಟ್ಟುವುದಿಲ್ಲ. ಜರ್ಮನ್ ಷೆಫರ್ಡ್‌ನಂಥ ನೆಟ್ಟಗಿನ ಕಿವಿಯ ನಾಯಿಗಳಿಗೆ ತುದಿಯಲ್ಲಿ ಕಚ್ಚುತ್ತದೆ. ಜೋತುಬಿದ್ದ ಕಿವಿಯಾದರೆ ಮಡಿಕೆಯ ಮೇಲೆ ಕಚ್ಚುತ್ತದೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ನಮ್ಮ ಜಿಲ್ಲೆಯ ಹೆಮ್ಮೆಯ ಮುಧೋಳ ನಾಯಿಯನ್ನೇ ನೋಡಿ. ಗಿಡ್ಡ ಕೂದಲು, ಜೋತಾಡುವ ತೆಳು ಕಿವಿ. ಬೇಟೆಯಲ್ಲಿ ಮೊಲವನ್ನು ಬೆನ್ನಟ್ಟುವ ಅಂಥ ಓಟಗಾರನೂ ಸಣ್ಣ ನೊಣದ ಮುಂದೆ ಸೋಲಬೇಕು.

ಕಚ್ಚಿದ ಜಾಗದಲ್ಲಿ ರಕ್ತ ಒಸರಿ ಕಪ್ಪು ಹಕ್ಕಳೆ ಕಟ್ಟುತ್ತದೆ. ರಕ್ತದ ವಾಸನೆಗೆ ಇನ್ನಷ್ಟು ನೊಣಗಳು ಬರುತ್ತವೆ. ನಾಯಿ ಒಂದೇ ಸಮನೆ ತಲೆ ಕೊಡವಿದರೆ ಕಿವಿಯೊಳಗಿನ ರಕ್ತನಾಳ ಒಡೆದು ಕಿವಿ ಊದಿಕೊಳ್ಳಬಹುದು. ಎಲ್ಲಕ್ಕಿಂತ ದೊಡ್ಡ ಭಯ ಹುಳ ಬೀಳುವುದು. ಬೇರೆ ಜಾತಿಯ ನೊಣಗಳು ತೆರೆದ ಗಾಯದ ಮೇಲೆ ಮೊಟ್ಟೆ ಇಡುತ್ತವೆ. ಒಂದೆರಡು ದಿನದಲ್ಲಿ ಹುಳಗಳು ಮಾಂಸ ತಿನ್ನತೊಡಗುತ್ತವೆ. ಕಿವಿಯಿಂದ ಕೆಟ್ಟ ವಾಸನೆ ಬಂದರೆ, ಗಾಯದಲ್ಲಿ ತೂತು ಕಂಡರೆ, ನಾಳೆ ನೋಡೋಣ ಎನ್ನಬಾರದು. ಅಂದೇ ಪಶುವೈದ್ಯರ ಬಳಿ ಹೋಗಬೇಕು. ತಡವಾದರೆ ಕಿವಿ ಹೋಗುತ್ತದೆ, ಕೆಲವೊಮ್ಮೆ ಜೀವವೇ ಹೋಗುತ್ತದೆ.

ನಮ್ಮ ಓಣಿಯಲ್ಲಿ ಎಮ್ಮೆ ಕಟ್ಟುವ ಮನೆಯೊಂದರ ನಾಯಿಗೆ ಪ್ರತಿ ಮಳೆಗಾಲವೂ ಕಿವಿ ಹುಣ್ಣಾಗುತ್ತಿತ್ತು. ಮುಲಾಮು ಹಚ್ಚುವುದು, ಮಾಯುವುದು, ಹದಿನೈದು ದಿನಕ್ಕೆ ಮತ್ತೆ ಅದೇ ಗಾಯ. ಕೊನೆಗೆ ಬಂದ ಪಶುವೈದ್ಯರು ಆ ಮನೆಯ ಅಜ್ಜಿಗೆ, "ಕಿವಿ ಆಮ್ಯಾಲೆ ನೋಡೂಣು ಯವ್ವಾ, ಮೊದಲ ನಿಮ್ಮ ತಿಪ್ಪಿ ಎಲ್ಲೈತಿ ತೋರಿಸ್ರಿ" ಅಂದರು. "ನಾಯಿ ಕಿವಿಗೂ ತಿಪ್ಪಿಗೂ ಏನ್ ಸಂಬಂಧರಿ ಡಾಕ್ಟರ?" ಎಂದು ಅಜ್ಜಿ ನಕ್ಕರು.

ಸಂಬಂಧ ಅಲ್ಲಿಯೇ ಇರುವುದು. ಈ ನೊಣ ಮೊಟ್ಟೆ ಇಡುವುದು ನಾಯಿಯ ಮೈಮೇಲಲ್ಲ. ಗಂಜಲದಲ್ಲಿ ನೆಂದು ಸಗಣಿಯೊಂದಿಗೆ ಕೊಳೆತ ಕಣಕಿ, ಹುಲ್ಲು, ಹೊಟ್ಟು ಇವೇ ಅದರ ತೊಟ್ಟಿಲು. ಜಾತ್ರೆ ಮುಗಿದ ಮೇಲೆ ಗುಡ್ಡೆ ಬಿದ್ದು ಕೊಳೆಯುವ ಹೂವು, ಬಾಳೆಎಲೆಗಳೂ ಆಗುತ್ತವೆ. ಬೆಚ್ಚನೆಯ ಹವೆಯಲ್ಲಿ ಮೊಟ್ಟೆ ಹುಳವಾಗಿ, ಹುಳ ಕೋಶವಾಗಿ, ಕೋಶ ನೊಣವಾಗಲು ಎರಡು ಮೂರು ವಾರ ಸಾಕು. ಬ್ಯಾಂಕಿನಲ್ಲಿ ಕೆಲಸ ಮಾಡಿದವನ ಲೆಕ್ಕದಲ್ಲಿ ಹೇಳುವುದಾದರೆ, ಕಿವಿಗೆ ಮುಲಾಮು ಹಚ್ಚುವುದು ಬಡ್ಡಿ ಕಟ್ಟಿದಂತೆ. ಅಸಲು ತಿಪ್ಪೆಯಲ್ಲಿದೆ. ಅಸಲು ತೀರದೆ ಸಾಲ ಹರಿಯುವುದಿಲ್ಲ.

ಆ ಮನೆಯವರು ಗ್ವಾದಲಿಯ ಕೆಳಗಿನ ಹಸಿ ಕಣಕಿಯನ್ನು ದಿನಾಲೂ ಬಳಿದು ತೆಗೆಯತೊಡಗಿದರು. ಸಗಣಿಯನ್ನು ಕುಳ್ಳು ತಟ್ಟಿ ಒಣಗಿಸಿದರು. ತಿಪ್ಪೆಯನ್ನು ಮನೆಯಿಂದ ದೂರ ಹೊಲದ ಅಂಚಿಗೆ ಒಯ್ದು, ಮೇಲೆ ಮಣ್ಣು ಮುಚ್ಚಿದರು. ವಾರಕ್ಕೊಮ್ಮೆಯಾದರೂ ಹೀಗೆ ಮಾಡಿದರೆ ಹುಳ ನೊಣವಾಗುವ ಮೊದಲೇ ಅದರ ಸಂಸಾರ ಮುಗಿಯುತ್ತದೆ. ಮುಂದಿನ ಮಳೆಗಾಲದಲ್ಲಿ ನಾಯಿಯ ಕಿವಿ ಉಳಿಯಿತು. ಎಮ್ಮೆಯೂ ನಿಶ್ಚಿಂತೆಯಿಂದ ನಿಂತು ಹಿಂಡಿಸಿಕೊಂಡಿತು. ಈ ನೊಣದ ಕಾಟ ಹೆಚ್ಚಿದರೆ ಹಾಲೂ ಕಡಿಮೆಯಾಗುತ್ತದೆ.

ಹಾಗೆಂದು ಗಾಯವನ್ನು ಹಾಗೇ ಬಿಡುವಂತಿಲ್ಲ. ಕಾಯಿಸಿ ಆರಿಸಿದ ನೀರಿಗೆ ಸ್ವಲ್ಪ ಉಪ್ಪು ಹಾಕಿ, ಅರಳೆ ಅದ್ದಿ ಹಕ್ಕಳೆಯನ್ನು ಮೆತ್ತಗೆ ಮಾಡಿ ಒರೆಸಬೇಕು, ಕಿತ್ತು ತೆಗೆಯಬಾರದು. ವೈದ್ಯರು ಕೊಟ್ಟ ಮುಲಾಮು ಹಚ್ಚಬೇಕು. ಗಾಯ ಮಾಯ್ದ ಮೇಲೆ ಕಿವಿಯ ತುದಿಗೆ ತೆಳ್ಳಗೆ ವ್ಯಾಸಲೀನ್ ಸವರಿದರೆ ನೊಣ ಕೂತು ಕಚ್ಚುವುದು ಕಷ್ಟ. ಹಗಲಿನಲ್ಲಿ ನಾಯಿಯನ್ನು ಒಳಗೆ, ಗಾಳಿಯಾಡುವ ಕಡೆ ಬಿಡಿ. ದನದ ಮನೆಯ ಪಕ್ಕದಲ್ಲಿ ಗಿಡ್ಡ ಸರಪಳಿಯಿಂದ ಕಟ್ಟಿದ ನಾಯಿಗೆ ತಪ್ಪಿಸಿಕೊಳ್ಳುವ ದಾರಿಯೇ ಇರುವುದಿಲ್ಲ.

ಸೀಮೆಎಣ್ಣೆ, ಫಿನಾಯಿಲ್, ಗಾಡಿಯ ಹಳೆಯ ಎಣ್ಣೆ, ಹೊಲಕ್ಕೆ ಹೊಡೆಯುವ ಔಷಧ ಇವನ್ನು ಹಚ್ಚಲೇಬಾರದು. ನಾಯಿ ಕಾಲಿನಿಂದ ಕಿವಿ ಉಜ್ಜಿ, ಆ ಕಾಲನ್ನು ನೆಕ್ಕುತ್ತದೆ. ವಿಷ ಹೊಟ್ಟೆಗೆ ಹೋಗುತ್ತದೆ. ನಾವು ಹಚ್ಚಿಕೊಳ್ಳುವ ಸೊಳ್ಳೆ ಕ್ರೀಮು ಕೂಡ ಬೇಡ. ನಾಯಿಗೆಂದೇ ಮಾಡಿದ ನೊಣದ ಔಷಧಗಳು ಸಿಗುತ್ತವೆ, ವೈದ್ಯರನ್ನು ಕೇಳಿ ತನ್ನಿ. ಮನೆಯಲ್ಲಿ ಬೆಕ್ಕಿದ್ದರೆ ಅದನ್ನೂ ಅವರಿಗೆ ಹೇಳಿ. ಪರ್ಮೆಥ್ರಿನ್ ಇರುವ ಔಷಧ ನಾಯಿಗೆ ಒಗ್ಗಿದರೂ ಬೆಕ್ಕಿಗೆ ಪ್ರಾಣಾಂತಿಕ.

ಕಿವಿಯ ಎಲ್ಲ ತೊಂದರೆಯೂ ನೊಣದ್ದಲ್ಲ. ಅಂಚಿನ ಕೂದಲು ಉದುರಿ ಮೈಯೆಲ್ಲ ತುರಿಸುತ್ತಿದ್ದರೆ ಕಜ್ಜಿ ಇರಬಹುದು. ಕಿವಿಯ ಒಳಗಿನಿಂದ ಕೀವು ಸೋರಿದರೆ ಅದು ಬೇರೆ ಸೋಂಕು. ಅದನ್ನು ವೈದ್ಯರೇ ನೋಡಬೇಕು.

ಮಕ್ಕಳೇ, ನಿಮಗೊಂದು ಕಿವಿಮಾತು. ಸಾಕಿದ ನಾಯಿಯಾದರೂ ನೋವಿರುವ ಕಿವಿ ಮುಟ್ಟಿದರೆ ಕಚ್ಚಬಹುದು. ದೊಡ್ಡವರು ಜೊತೆಗಿರಲಿ. ಬೀದಿನಾಯಿಯನ್ನು ಮುಟ್ಟಬೇಡಿ, ದೊಡ್ಡವರಿಗೆ ತಿಳಿಸಿ. ನಾಯಿ ಕಚ್ಚಿದರೆ, ಪರಚಿದರೆ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ನೀವು ಮಾಡಬಹುದಾದ ಕೆಲಸ ಇನ್ನೊಂದಿದೆ. ಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರಕ್ಕೆ ಒಂದು ಗುರುತು ಹಾಕಿ. ಅಂದು ನಾಯಿಯ ಕಿವಿ ನೋಡುವುದು, ದನದ ಮನೆಯಲ್ಲಿ ಹಸಿ ಕಸ ಉಳಿದಿದೆಯೇ ಎಂದು ನೋಡುವುದು. ಉಳಿದಿದ್ದರೆ ಅಪ್ಪನಿಗೋ ಅಜ್ಜಿಗೋ ನೆನಪಿಸಿ. ರಾತ್ರಿಯೆಲ್ಲ ಮನೆ ಕಾಯುವ ಜೀವ ಹಗಲಿನಲ್ಲಾದರೂ ನೆಮ್ಮದಿಯಿಂದ ಮಲಗಲಿ.