ಸೂರ್ಯನಿಗಿಂತ ಹಿರಿಯ ನೀರು

ಮಾಗಿಯ ರಾತ್ರಿ ಬಂಟ್ವಾಳ ತಾಲೂಕಿನ ಕನ್ಯಾನದ ಅಂಗಳದಲ್ಲಿ ನಿಂತು ಮೇಲೆ ನೋಡಿ. ಮಹಾವ್ಯಾಧನ ಸೊಂಟಪಟ್ಟಿಯ ಕೆಳಗಿನ ಮಬ್ಬು ಚುಕ್ಕೆ, ಸುಮಾರು 1,350 ಜ್ಯೋತಿರ್ವರ್ಷ ದೂರದಲ್ಲಿ ದೈತ್ಯ ನಕ್ಷತ್ರಗಳು ಹುಟ್ಟುವ ತೊಟ್ಟಿಲು. ಅಲ್ಲಿ ಮೆಥನಾಲ್‌ನಂಥ ಸಾವಯವ ಅಣುಗಳಿವೆ. ಕೆಲವುಗಳಲ್ಲಿ ಹೈಡ್ರೋಜನ್ ಬದಲು ಇಮ್ಮಡಿ ತೂಕದ ಡ್ಯುಟೀರಿಯಂ ಕುಳಿತಿರುತ್ತದೆ. ತೂಕ ಹೆಚ್ಚಿದರೆ ಅಣು ನಿಧಾನವಾಗಿ ತಿರುಗುತ್ತದೆ. ಹೊಮ್ಮುವ ರೇಡಿಯೋ ಅಲೆಯ ಕಂಪನಾಂಕವೂ ಬದಲಾಗುತ್ತದೆ. ಕಾರ್ಬನ್ ಮಾನಾಕ್ಸೈಡಿನ 115.27 ಗಿಗಾಹರ್ಟ್ಸ್ ಗೆರೆ ಕಾರ್ಬನ್-13 ಸೇರಿದಾಗ 110.20ಕ್ಕೆ ಇಳಿಯುವುದು ಹೀಗೆಯೇ. ಚಿಲಿಯ ಆಲ್ಮಾ ದೂರದರ್ಶಕ ಇಂಥ ಗೆರೆಗಳನ್ನು ಹೆಕ್ಕುತ್ತದೆ.

ವಿಶ್ವದಲ್ಲಿ ಲಕ್ಷ ಹೈಡ್ರೋಜನ್‌ಗೆ ಡ್ಯುಟೀರಿಯಂ ಒಂದೆರಡು ಮಾತ್ರ. ಆ ಮೆಥನಾಲಿನಲ್ಲಿ ಹತ್ತಾರು ಪಟ್ಟು ಹೆಚ್ಚು. ಇಂಥ ಹೆಚ್ಚಳಕ್ಕೆ ಕೊರೆಯುವ ಚಳಿ ಬೇಕು. ಅಂದರೆ ನಕ್ಷತ್ರ ಹೊತ್ತಿಕೊಳ್ಳುವ ಮುನ್ನವೇ ಧೂಳುಕಣದ ಮೇಲಿನ ಮಂಜಿನಲ್ಲಿ ಅಣು ಹುಟ್ಟಿತ್ತು! ಭೂಮಿಯ ನೀರಿನಲ್ಲೂ ಡ್ಯುಟೀರಿಯಂ ಸುಮಾರು ಹತ್ತು ಪಟ್ಟು ಹೆಚ್ಚಿದೆ. ಮನೆಯ ಬಾವಿಯ ನೀರಿನ ಒಂದು ಪಾಲು ಸೂರ್ಯನಿಗಿಂತ ಹಳೆಯದೆಂಬುದು ವಿಜ್ಞಾನಿಗಳ ಲೆಕ್ಕಾಚಾರ.