ಕೋವಿ ಮದ್ದು: ಒಲೆ ಮೇಲೂ ಬೇಡ, ಗೊಬ್ಬರದ ಕೋಣೆಲೂ ಬೇಡ

ರಾಗಿ ತೆನೆ ಕಟ್ಟೋ ಹೊತ್ತಿಗೆ ನಮ್ಮ ತಿಪ್ಪಸಂದ್ರದ ಕಡೆ ಹಂದಿ ಕಾಟದ ಮಾತೇ ಮಾತು. ಬೆಳೆ ರಕ್ಷಣೆಗೆ ಲೈಸೆನ್ಸ್ ಪಡೆದ ನಾಡಬಂದೂಕು ಇರೋ ಮನೇಲಿ ಕರಿಮದ್ದೂ ಇರುತ್ತದೆ. ಬಂದೂಕಿಗಿಂತ ಆ ಡಬ್ಬಿಗೇ ಹೆಚ್ಚು ಎಚ್ಚರ ಬೇಕು.

ಕರಿಮದ್ದು ಉರಿಯಲು ಹೊರಗಿನ ಗಾಳಿ ಬೇಡ. ಒಂದು ಕಿಡಿ ಬಿದ್ದರೆ ಮುಚ್ಚಿ ಆರಿಸಲು ಆಗಲ್ಲ.

ಎಲ್ಲಿಡಬೇಕು? ತೇವ ಹಿಡಿಯಬಾರದು ಅಂತ ಒಲೆ ಮೇಲಿನ ಅಟ್ಟದಲ್ಲಿ ಇಡಬೇಡಿ. ತೋಟಗಾರಿಕೆ ಓದಿದ ನನಗೆ ಗೊಬ್ಬರದ ಕೋಣೆಯದೂ ಭಯ: 13-0-45 ಬೆಂಕಿಗೆ ಬಲ ಕೊಡುತ್ತದೆ, ಗಂಧಕದ ಪುಡಿ ತಾನೇ ಉರಿಯುತ್ತದೆ. ಕೊಂಡ ಡಬ್ಬಿಯಲ್ಲೇ, ಬೀಗ ಹಾಕಿದ ಮರದ ಪೆಟ್ಟಿಗೆಯಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಕೇಪುಗಳನ್ನು ಬೇರೆ ಕಡೆ ಇಡಿ.

ತುಂಬುವಾಗ: ಬೀಡಿ, ದೀಪ ದೂರವಿರಲಿ. ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯಬೇಡಿ. ಹಿಂದಿನ ಗುಂಡಿನ ಕೆಂಡ ಒಳಗೆ ಉಳಿದಿದ್ದರೆ ಕೈಯಲ್ಲಿರೋ ಡಬ್ಬಿಯೇ ಸಿಡಿಯುತ್ತದೆ. ಹಿತ್ತಾಳೆ ಅಳತೆಗೆ ಹಾಕಿಕೊಂಡು, ಡಬ್ಬಿ ಮುಚ್ಚಿ ದೂರ ಇಟ್ಟು, ಆಮೇಲೆ ತುಂಬಿ. ತೋಟಾ ಬಿಚ್ಚಿ ತೆಗೆದ ಹೊಗೆಯಿಲ್ಲದ ಮದ್ದನ್ನು ನಾಡಬಂದೂಕಿಗೆ ಹಾಕಲೇಬೇಡಿ, ನಳಿಗೆ ಒಡೆಯುತ್ತದೆ.

ಹಾರದಿದ್ದರೆ: ಬಾಯಿ ಇಣುಕಿ ನೋಡಬೇಡಿ. ಜನರಿಲ್ಲದ ಕಡೆ ಗುರಿ ಹಿಡಿದು ಒಂದೆರಡು ನಿಮಿಷ ಕಾಯಿರಿ.

ನೆನೆದ ಮದ್ದನ್ನು ಒಲೆ ಹತ್ತಿರ ಒಣಗಿಸಬೇಡಿ, ಬೆಂಕಿಗೂ ಎಸೆಯಬೇಡಿ. ಏನು ಮಾಡಬೇಕೆಂದು ಪೊಲೀಸ್ ಠಾಣೆಯಲ್ಲಿ ಕೇಳಿ.

ಲೈಸೆನ್ಸ್ ಇದೆ ಅಂದ ಮಾತ್ರಕ್ಕೆ ಹಂದಿ ಹೊಡೆಯುವಂತಿಲ್ಲ, ಅರಣ್ಯ ಇಲಾಖೆಯ ಅನುಮತಿ ಬೇಕು. ಹಣ್ಣಿನೊಳಗೆ ಸಿಡಿಮದ್ದು ಇಡೋದಂತೂ ಅಪರಾಧ. ಅದನ್ನು ಮೊದಲು ಕಚ್ಚೋದು ನಿಮ್ಮ ಹಸುವೇ ಆಗಬಹುದು.