ಉದಾರತೆ ಇರಲಿ, ಹೊಣೆ ಜಾರದಿರಲಿ

ರಾಜ್ಯದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ವಾರಕ್ಕೆ ಎರಡು ದಿನ ದೊರೆಯುತ್ತಿದ್ದ ಮೊಟ್ಟೆ 2024ರಲ್ಲಿ ಆರು ದಿನಕ್ಕೆ ವಿಸ್ತರಿಸಿತು. ಹೆಚ್ಚುವರಿ ನಾಲ್ಕು ದಿನಗಳ ವೆಚ್ಚವನ್ನು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಮೂರು ವರ್ಷಗಳ ಮಟ್ಟಿಗೆ ವಹಿಸಿಕೊಂಡಿತು. ಅದರ ಮೊತ್ತ ಸುಮಾರು 1,500 ಕೋಟಿ ರೂಪಾಯಿ. ಆಯವ್ಯಯದಲ್ಲಿ ಒದಗದ ಹಣ ದಾನಿಯಿಂದ ಬಂದು ಮಕ್ಕಳ ತಟ್ಟೆ ಸೇರಿದ್ದು ನಿಸ್ಸಂಶಯವಾಗಿ ಶ್ಲಾಘನೀಯ.

ಆದರೆ ಒಪ್ಪಂದಕ್ಕೆ ಅವಧಿಯುಂಟು, ಹಸಿವಿಗೆ ಅವಧಿಯಿಲ್ಲ. ದಾನಿ ನಾಳೆ ಹಿಂದೆ ಸರಿದರೆ ಅವರನ್ನು ಶಾಸನಸಭೆಯಲ್ಲಿ ಪ್ರಶ್ನಿಸಲಾಗದು. ಯಾವ ಕೆಲಸಕ್ಕೆ, ಯಾವ ಊರಿಗೆ ಎಂಬ ಆಯ್ಕೆಯೂ ಕೊಡುವವರದೇ.

ಕಂಪನಿಗಳ ಕೊಡುಗೆಯಲ್ಲಿಯೂ ಇಂಥ ತೊಡಕಿದೆ. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜಕ್ಕಾಗಿ ವ್ಯಯಿಸಬೇಕೆಂದು 2013ರ ಕಂಪನಿ ಕಾಯ್ದೆಯ 135ನೇ ಕಲಮು ವಿಧಿಸುತ್ತದೆ. ತಾವು ಕಾರ್ಯನಿರ್ವಹಿಸುವ ಪ್ರದೇಶಕ್ಕೆ ಆದ್ಯತೆ ನೀಡಬೇಕೆಂದೂ ಹೇಳುತ್ತದೆ. ಹಾಗಿದ್ದಲ್ಲಿ ಕಾರ್ಖಾನೆಯೇ ಇಲ್ಲದ ತಾಲ್ಲೂಕಿನ ಗತಿಯೇನು?

ದಾನವು ಸರ್ಕಾರದ ಕರ್ತವ್ಯಕ್ಕೆ ಪೂರಕವಾಗಬೇಕು, ಪರ್ಯಾಯವಾಗಬಾರದು. ಒಪ್ಪಂದ ಮುಗಿದ ಮರುದಿನದ ಮೊಟ್ಟೆಗೆ ಆಯವ್ಯಯದಲ್ಲಿ ಮೊದಲೇ ಹಣ ತೆಗೆದಿರಿಸುವುದೇ ದಾನಿಗೆ ಸರ್ಕಾರ ಸಲ್ಲಿಸಬಹುದಾದ ಯೋಗ್ಯ ಕೃತಜ್ಞತೆ.